ಹೊಳೆಯಲ್ಲಿ ಬಿಟ್ಟ ಕತ್ತೆ

ಈ ಮೂವರ ಬಗ್ಗೆ ಯಾರಾದರೂ ಹೇಳಲೇಬೇಕು. ಹನ್ನೊಂದು ವರ್ಷ, ಭಾನುವಾರ ತಪ್ಪದೆ, ನನ್ನ ಸುಳ್ಳನ್ನು ಬಾಯಿಬಿಟ್ಟುಕೊಂಡು ಕೇಳಿದವರು. ಅಂಥವರು ಸಿಗುವುದಿಲ್ಲ. ನನಗೆ ಬರೆದು ಅಭ್ಯಾಸವಿಲ್ಲ, ನಾನು ಬಡಗಿ. ಆದರೂ ಹೇಳುತ್ತೇನೆ.

ಮೇಜು ಮಾಡಿಸಿಕೊಂಡ ಗಿರಾಕಿಯೊಬ್ಬ ಊರು ಬಿಡುವಾಗ ಮೇಜನ್ನೂ ಒಂದು ಆಟವನ್ನೂ ನನಗೆ ಬಿಟ್ಟುಹೋದ. ಆಟ ಸುಲಭ. ಒಬ್ಬ ಕತೆ ಹೇಳುತ್ತಾನೆ: ಮುಂದೆ ಗುಹೆ ಇದೆ, ಒಳಗೆ ಏನೋ ಉಸಿರಾಡುತ್ತಿದೆ. ಉಳಿದವರು ಕತೆಯೊಳಗಿನ ಜನ. ಏನು ಮಾಡುತ್ತೇವೆ ಅಂತ ಅವರು ಹೇಳಬೇಕು, ಆಯಿತೋ ಇಲ್ಲವೋ ಅಂತ ದಾಳ ಹೇಳುತ್ತದೆ. ಇಪ್ಪತ್ತು ಮುಖದ ಆ ದಾಳ ನಾನೇ ಮರದಲ್ಲಿ ಕೆತ್ತಿದ್ದು. (ನನ್ನ ಕೈಕೆಲಸಕ್ಕೆ ಹೆಸರು ಹೇಳುವಂಥ ವಸ್ತು.)

ಈ ಮೂವರಲ್ಲಿ ಬಸ್ ಕಂಡಕ್ಟರ್ ಖಡ್ಗವೀರ. ದರ್ಜಿ ಮಹಾಮಂತ್ರವಾದಿ. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಭಾವಮೈದ ಕಳ್ಳ. ಕತೆಯಲ್ಲಿ ಇವರ ಸಾಮಾನು ಹೊರಲು ಒಂದು ಕತ್ತೆಯೂ ಇತ್ತು. ಅದಕ್ಕೆ ದಿನಾ ಹುಲ್ಲು ಹುಡುಕುವುದು ಬೇಜಾರಾಗಿ ನಾಲ್ಕನೇ ವರ್ಷ ಹೊಳೆಯಲ್ಲಿ ಬಿಟ್ಟುಬಿಟ್ಟೆ. ಅಡುಗೆಮನೆಯಿಂದ ಹೆಂಡತಿ ಆಗಾಗ ಕೇಳುತ್ತಿದ್ದಳು.

"ರೀ, ಆ ಕತ್ತೆ ಏನಾಯ್ತು?"

"ನೀನು ಒಗ್ಗರಣೆ ನೋಡ್ಕೋ."

ಆ ದಿನಗಳೇ ಬೇರೆ. ಹಲಗೆ ಹೆರೆಯುತ್ತಿದ್ದರೆ ಕಾಲಡಿಯ ಹೊಟ್ಟು ನನಗೆ ಮರಳುಗಾಡು. ಕಪಾಟಿಗೆ ಕೀಲು ಹಾಕುತ್ತಿದ್ದರೆ ಅದು ಕೋಟೆ ಬಾಗಿಲು. ಒಮ್ಮೆ ಅದೇ ಗುಂಗಿನಲ್ಲಿ ಒಬ್ಬರ ಕಪಾಟಿಗೆ ಒಳಗಡೆಯಿಂದ ಚಿಲಕ ಹಾಕಿಕೊಟ್ಟಿದ್ದೆ.

ಈಚೆಗೆ ಹೊಟ್ಟು ಬರೀ ಹೊಟ್ಟಾಗಿಬಿಟ್ಟಿತು. ಭಾನುವಾರ ಹತ್ತಿರ ಬಂದರೆ ಎದೆ ಮೇಲೆ ತೊಲೆ ಇಟ್ಟ ಹಾಗೆ. ಸಾಕು ಅನ್ನಲು ಬಾಯಿ ಬರಲಿಲ್ಲ. ಕಂಡಕ್ಟರ್ ಹನ್ನೊಂದು ವರ್ಷದಿಂದ ಹಬ್ಬ ಹರಿದಿನದ ಡ್ಯೂಟಿಯನ್ನೆಲ್ಲ ತಾನು ಮಾಡಿ ಭಾನುವಾರ ಬಿಡಿಸಿಕೊಂಡವನು. ಅವನ ಮುಖ ನೋಡಿ ಹೇಗೆ ಹೇಳುವುದು?

ಆಗ ಒಂದು ದಿವ್ಯ ಉಪಾಯ ಹೊಳೆಯಿತು. ಮೂವರನ್ನೂ ಕೊಂದುಬಿಡುವುದು. ಕತೆಯಲ್ಲಿ.

ಆ ಭಾನುವಾರ ಏಳು ಹೆಡೆಯ ಘಟಸರ್ಪವನ್ನು ಬಿಟ್ಟೆ. "ಇಪ್ಪತ್ತು ಬಿದ್ರೆ ಮಾತ್ರ ಇದು ಸಾಯುತ್ತೆ. ತಲೆಗೊಂದೇ ಎಸೆತ. ಇಲ್ಲಾಂದ್ರೆ ಎಲ್ಲಾರೂ ಬೂದಿ."

ಮೂವರೂ ಮುಖ ಮುಖ ನೋಡಿಕೊಂಡರು. ದರ್ಜಿ ದಾಳವನ್ನು ಯಾವತ್ತಿನಂತೆ ಎಸೆಯಲಿಲ್ಲ. ಗುಂಡಿ ಉದುರಿಸಿದ ಹಾಗೆ ಮೆಲ್ಲಗೆ ಬಿಟ್ಟ. ಇಪ್ಪತ್ತು.

ಕಂಡಕ್ಟರ್ ಬಿಟ್ಟ. ಇಪ್ಪತ್ತು. ಭಾವಮೈದನೂ ಬಿಟ್ಟ. ಸತ್ತ ಘಟಸರ್ಪ ಇನ್ನೆರಡು ಸಲ ಸತ್ತಿತು.

"ಏನ್ರೋ ಇದು?"

"ಅಣ್ಣ, ದಾಳದಲ್ಲಿ ಮರದ ಗಂಟು ಉದುರಿದ ತೂತಿಗೆ ನೀನು ಸೀಸ ತುಂಬಿದ್ದೀಯ," ಅಂದ ದರ್ಜಿ. "ಮೆಲ್ಲಗೆ ಬಿಟ್ರೆ ಇಪ್ಪತ್ತೇ ಬೀಳೋದು. ಮೊದಲ್ನೇ ವರ್ಷನೇ ಗೊತ್ತಾಯ್ತು."

"ಮತ್ತೆ ಇಷ್ಟು ವರ್ಷ ಜೋರಾಗಿ ಎಸೆದು ಸೋತ್ರಲ್ಲ?"

"ಗೆದ್ಬಿಟ್ರೆ ಮನೆಗೆ ಹೋಗ್ಬೇಕಲ್ಲ," ಅಂದ ಕಂಡಕ್ಟರ್.

"ಅಲ್ದೆ ನಾವು ಗೆದ್ರೆ ಭಾವ ಮುಖ ಊದಿಸ್ಕೊತಾರೆ," ಅಂದ ಕಳ್ಳ. "ಇವತ್ತು ಅವರೇ ಕೊಲ್ಲೋಕೆ ಕೂತಿದ್ರು. ಅದಕ್ಕೇ."

ಹೇಳಿಬಿಟ್ಟೆ. "ನನಗೆ ಸಾಕಾಗಿದೆ ಕಣ್ರೋ. ಕತೆ ಬರ್ತಿಲ್ಲ."

ಕಂಡಕ್ಟರ್ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ. "ಹಾಗಾದ್ರೆ ಭಾನುವಾರ ನಾನು ಡ್ಯೂಟಿಗೆ ಹೆಸರು ಕೊಡ್ಲಾ?" ಅಂದ.

ಅವನು ಅದನ್ನು ಕೇಳಿದ ರೀತಿ ನನಗೆ ಈಗಲೂ ಚುಚ್ಚುತ್ತದೆ.

ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಏಳ್ರೀ ಅಲ್ಲಿಂದ."

ಎದ್ದೆ. ನನ್ನ ಕುರ್ಚಿಯಲ್ಲಿ ಅವಳು ಕೂತಳು.

"ಹೊಳೆ ದಡ. ಮಂಜು. ಆಚೆ ಕಡೆಯಿಂದ ಗೊರಸಿನ ಸದ್ದು ಬರ್ತಿದೆ. ಏಳು ವರ್ಷದಿಂದ ನಿಮ್ಮನ್ನೇ ಹುಡುಕ್ತಿರೋ ಒಂದು ಪ್ರಾಣಿ. ಬೆನ್ನ ಮೇಲೆ ನಿಮ್ಮ ಗಂಟುಮೂಟೆ ಹಾಗೇ ಇದೆ. ಯಾರದ್ದೋ ಒಣಗದಿರೋ ಅಂಗಿನೂ ಇದೆ."

"ನಂದೇ ಅತ್ತಿಗೆ!" ಅಂದ ದರ್ಜಿ. ಅವನ ಕಣ್ಣು ಒದ್ದೆಯಾಗಿತ್ತು.

ನನಗೂ ಮೈ ಜುಮ್ಮೆಂದಿತು. ಎಷ್ಟೋ ವರ್ಷದ ಮೇಲೆ. "ಆಮೇಲೆ?" ಅಂದೆ.

ಅವಳು ನನ್ನನ್ನು ನೋಡಿದಳು. "ಆಮೇಲೆ ಏನು ಅಂತ ನೀವೇ ಹೇಳ್ಬೇಕು. ಕತ್ತೆ ನೀವೇ. ಹೊಳೆ ದಾಟಿ."

ದಾಳವನ್ನು ಮೆಲ್ಲಗೆ ಬಿಡಲು ಹೋದೆ.

"ಜೋರಾಗಿ ಎಸೀರಿ," ಅಂದರು ನಾಲ್ವರೂ.

ಎರಡು ಬಿತ್ತು. ಮೂರು ವಾರದಿಂದ ಕೆಸರಿನಲ್ಲಿ ಹೂತುಕೊಂಡು ನಿಂತಿದ್ದೇನೆ. ವಾರವಿಡೀ ಹಲಗೆ ಹೆರೆಯುವಾಗ ಅದೇ ಚಿಂತೆ. ಕಾಲಡಿಯ ಹೊಟ್ಟು ಈಗ ಕೆಸರು.

ನೀವು ಒಮ್ಮೆ ಬಂದು ಇವರನ್ನು ನೋಡಬೇಕು. ಮರದಂಗಡಿ ಹಿಂದಿನ ಮನೆ, ಭಾನುವಾರ ಮಧ್ಯಾಹ್ನ ಮೂರಕ್ಕೆ. ಚಹಾ ಕತ್ತೆಯೇ ಮಾಡಿಕೊಡುತ್ತದೆ. ಖಾಲಿ ಕುರ್ಚಿ ಒಂದಿದೆ. ಕೆಸರಿನಿಂದ ನನ್ನನ್ನು ಎಳೆಯಲು ಇನ್ನೂ ಒಬ್ಬರು ಬೇಕು ಅಂತ ಮೂವರೂ ಹೇಳುತ್ತಿದ್ದಾರೆ. ದಯವಿಟ್ಟು ಬನ್ನಿ.