ಭೋಸರಿಯಲ್ಲಿ ನಾನೊಬ್ಬ ಪೊಲೀಸ್ ಮಿತ್ರ

ಮನುಷ್ಯನ ಕೊರಳಿಗೆ ಒಂದು ಸೀಟಿ ಹಾಕಿ ನೋಡಿ, ಅವನ ನಡಿಗೆಯೇ ಬದಲಾಗಿಬಿಡುತ್ತದೆ. ನಾನೇನೂ ಹೊರತಲ್ಲ. ಮೊದಲೆಲ್ಲ ಈ ಮರಾಠಿ ಊರು ಭೋಸರಿಯ ನಮ್ಮ ಗಲ್ಲಿಗೆ ಪೊಲೀಸರು ಬರುತ್ತಿದ್ದುದು ಕಳುವಾದ ಮೇಲೆ. ಈಗ ಹವಾಲ್ದಾರ್ ಮಂದಾಬಾಯಿ ವಾರಕ್ಕೆರಡು ಸಲ ನಡೆದೇ ಬರುತ್ತಾರೆ, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾರೆ. ನಮ್ಮಂಥ ನಾಲ್ಕಾರು ಜನರನ್ನು ‘ಪೊಲೀಸ್ ಮಿತ್ರ’ರೆಂದು ಆರಿಸಿ ಸೀಟಿ, ಹಸಿರು ಜಾಕೀಟು ಕೊಟ್ಟಿದ್ದಾರೆ. ನಾನದನ್ನು ತೊಟ್ಟು ಕೊತ್ತಂಬರಿ ತರಲಿಕ್ಕೂ ಹೋಗುತ್ತಿದ್ದೆ. ಮಂದಾಬಾಯಿಯದು ಬರೀ ಹರಟೆ, ಕಾವಲೆಲ್ಲ ನನ್ನದೇ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದೆ, ಸುಳ್ಳೇಕೆ ಹೇಳಲಿ.

ಇಂಥ ನನ್ನ ಮನೆಯಿಂದಲೇ ಅವ್ವ ಕಾಣೆಯಾದಳು! ಕಲಬುರಗಿ ಕಡೆಯಿಂದ ಬಂದು ಎಂಟು ದಿನವಾಗಿತ್ತು. ಮರಾಠಿಯ ಗಂಧವಿಲ್ಲ, ಫೋನು ಒಯ್ಯುವ ರೂಢಿಯಿಲ್ಲ. ಬೆಳಿಗ್ಗೆ ಹೊರಬಿದ್ದವಳು ಮಧ್ಯಾಹ್ನವಾದರೂ ಬರಲಿಲ್ಲ. ಆಚೆಗೆ ಲಾರಿಗಳು ಹರಿದಾಡುವ ರಸ್ತೆ ಬೇರೆ. ಸೀಟಿ ಊದುತ್ತ ಗಲ್ಲಿಯೆಲ್ಲ ಓಡಿದೆ. ನಾಲ್ಕು ನಾಯಿಗಳು ಬಂದವು, ಅವ್ವ ಬರಲಿಲ್ಲ.

ಪೊಲೀಸ್ ಚೌಕಿಗೆ ಓಡಿ ಅವ್ವನ ಎತ್ತರ, ಬಣ್ಣ, ಸೀರೆ ಎಲ್ಲ ಒದರಿದೆ. ಮಂದಾಬಾಯಿ ಮರಾಠಿಯಲ್ಲಿ ಒಂದೇ ಮಾತು ಕೇಳಿದರು: “ನಿಮ್ಮ ಮನೆಯಲ್ಲಿ ಅವರಿಗೆ ಏನು ಬೇಜಾರು?” ನನಗೆ ಗೊತ್ತಿದ್ದರೆ ತಾನೆ! ಹಿಂದೆಯೇ ಬಂದ ನನ್ನ ಹೆಂಡತಿ ನನಗೆ ಹೇಳಿದಳು: “ಮಾತಾಡ್ಲಿಕ್ಕ ಯಾರೂ ಇಲ್ಲಂತ್ರಿ. ಪಾಕೀಟ ಹಿಟ್ಟಿನ ರೊಟ್ಟಿ ಹರೀತಾವಂತ. ದಿನಾ ಇದ ಗೋಳು.”

ನಾನದನ್ನು ಮರಾಠಿಗೆ ತರುವಷ್ಟರಲ್ಲೇ ಮಂದಾಬಾಯಿ, ಜೋಳ ಬೀಸಿಸಲು ಯಾರಾದರೂ ಅಜ್ಜಿ ಬಂದಿದ್ದರೇ ಎಂದು ಗಿರಣಿಯವನಿಗೆ ಒಂದು ಫೋನು ಮಾಡಿದರು, ಆಕೆ ಯಾವ ಕಡೆ ಹೋದಳೆಂದು ಹೂವಿನವಳಿಗೆ ಇನ್ನೊಂದು. “ಚಲಾ” ಎಂದು ಎದ್ದೇಬಿಟ್ಟರು. ಅಬ್ಬಾ, ಇಡೀ ಭೋಸರಿ ಈಕೆಯ ಅಂಗೈಯಲ್ಲಿದೆಯಲ್ಲ ಎಂದು ನನ್ನ ಮೈ ಜುಮ್ಮೆಂದಿತು.

ಹೋಗಿದ್ದು ನಮ್ಮ ಕಟ್ಟಡದ ಹಿಂದಿನ ಗಾರೆ ಕೆಲಸದವರ ತಗಡಿನ ಶೆಡ್ಡುಗಳಿಗೆ. ಇಲ್ಲಿ ಒಂದು ತಪ್ಪೊಪ್ಪಿಗೆ. ಹೋದ ತಿಂಗಳಷ್ಟೇ ಆ ಶೆಡ್ಡುಗಳ ಬಗ್ಗೆ ನಾನು ಚೌಕಿಗೆ ಬರೆದುಕೊಟ್ಟಿದ್ದೆ: ‘ಹೊರಗಿನ ಜನ, ಯಾವುದೋ ಭಾಷೆ, ಗಮನವಿರಲಿ.’ ಬರೆದದ್ದು ನಮ್ಮ ಬಾಲ್ಕನಿಯಲ್ಲಿ ನಿಂತು. ಹತ್ತಿರ ಹೋಗಿ ಕಿವಿಗೊಟ್ಟರೆ ಆ ಯಾವುದೋ ಭಾಷೆ ನಮ್ಮ ಕಲಬುರಗಿಯ ಅಪ್ಪಟ ಕನ್ನಡ!

“ಯವ್ವಾ, ಊಟ ಆತೇನ್ರಿ?” ಎಂದು ಬಾಯಿ ಬಾಗಿಲಲ್ಲೇ ಕೂಗಿದರು. ಆ ಕನ್ನಡ ಅವರು ಅಲ್ಲೇ ಕಲಿತದ್ದಂತೆ. “ಬರ್ರಿ ಬಾಯಿ, ಬಿಸಿ ರೊಟ್ಟಿ ಅದಾವ” ಎಂದು ಒಳಗಿನಿಂದ ಮೂರು ಹೆಂಗಸರ ನಗು. ನಡುವೆ ಮೊಣಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು ರೊಟ್ಟಿ ಬಡಿಯುತ್ತ ಕೂತವಳು ನನ್ನ ಅವ್ವ! ನನಗೆ ಅಳುವೇ ಬಂತು. ಸೀಟಿ, ಜಾಕೀಟು ಸಮೇತ ತಲೆ ಬಗ್ಗಿಸಿ ಒಳಗೆ ನುಗ್ಗಿದೆ.

ನಗು ಫಕ್ಕನೆ ನಿಂತಿತು. ಒಬ್ಬಳು ಸೆರಗು ಎಳೆದುಕೊಂಡಳು, ಇನ್ನೊಬ್ಬಳು ಟ್ರಂಕಿನಿಂದ ಆಧಾರ್ ಕಾರ್ಡು ತೆಗೆಯತೊಡಗಿದಳು. ಖಾಕಿಗೆ ಹೆದರದವರು ನನಗೆ ಹೆದರಿದ್ದರು.

“ಅಂಜಬ್ಯಾಡ್ರೆವ್ವಾ,” ಎಂದಳು ಅವ್ವ. “ಅವ ಪೊಲೀಸ ಅಲ್ಲ, ಏನೂ ಅಲ್ಲ. ನನ್ನ ಮಗ. ಮನಶ್ಯಾ ಚಲೋ ಅದಾನ.”

ಅವರಿಗೆ ನಂಬಿಕೆಯಾಗಲಿಲ್ಲ. “ಖರೇ ಏನ್ರಿ ಬಾಯಿ?” ಎಂದು ಮಂದಾಬಾಯಿಯ ಮುಖ ನೋಡಿದರು. ಬಾಯಿ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದು, “ಹೊಸಬರ ಅದಾರ್ರಿ. ಸ್ವಲ್ಪ ನೋಡ್ಕೋರಿ” ಎಂದರು.

ಹದಿನೆಂಟು ವರ್ಷದಿಂದ ಭೋಸರಿಯಲ್ಲಿರುವ ನಾನು ಚಪ್ಪಲಿ ಬಿಟ್ಟು ಮೂಲೆಯಲ್ಲಿ ಕೂತೆ.