ಪಕ್ಕದ ಕಟ್ಟಡದ ಪಂಪಿಗೆ, ಒಂದು ಬಟ್ಟಲು ಕಾಫಿಯ ವಿಷಯವಾಗಿ

ಹನ್ನೆರಡು ಮಹಡಿಗಳ ದಾಹವನ್ನು ಒಬ್ಬರೇ ಹೊತ್ತಿರುವ ಮಾನ್ಯ ಪಂಪ್ ಮಹಾಶಯರೇ,

ತಮ್ಮ ಪಕ್ಕದ ಹಳೆಯ ಮನೆಯ ಇತಿದಾಲ್ ಮಾಡುವ ಸಲಾಮುಗಳು. ತಾವು ಕ್ಷೇಮವೆಂಬುದು ನಮ್ಮ ಗೋಡೆಗಳು ಅದುರುವುದರಿಂದಲೇ ತಿಳಿಯುತ್ತಿದೆ.

ಅಮ್ಮಾನ್ ನಗರದ ನಮ್ಮ ಬೀದಿಗೆ ವಾರಕ್ಕೊಮ್ಮೆ, ಮಂಗಳವಾರ, ನೀರು ಬರುತ್ತದೆಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು; ಕೊಳವೆ ಒಮ್ಮೆ ಕೆಮ್ಮುವಷ್ಟರಲ್ಲಿ ಎಲ್ಲರ ಪಾಲನ್ನೂ ಎಳೆದುಕೊಂಡು, ನಮ್ಮ ತಾರಸಿಯ ತೊಟ್ಟಿಗೆ ಶುದ್ಧ ಗಾಳಿ ತುಂಬಿಸಿಕೊಡುವ ತಮ್ಮ ಚುರುಕನ್ನು ಎಷ್ಟು ಹೊಗಳಿದರೂ ಸಾಲದು. ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರಿನಲ್ಲಿ ಮೆಟ್ಟಿಲು ತೊಳೆದು, ಮೆಟ್ಟಿಲಿಳಿದದ್ದನ್ನು ನಿಂಬೆ ಗಿಡಕ್ಕೆ ಕುಡಿಸಿ ಮೂವತ್ತು ವರ್ಷ ನೀರು ಉಳಿಸಿದವಳು ನಾನು. ಉಳಿಸಿದ್ದು ಯಾರಿಗಾಗಿ ಎಂದು ಈಗ ತಿಳಿಯಿತು.

ಮೊನ್ನೆ ಗುರುವಾರ ನನ್ನ ಮಗಳು ದೀಮಾಳನ್ನು ಕೇಳಲು ಹುಡುಗನ ಕಡೆಯ ಇಪ್ಪತ್ತು ಗಂಡಸರು ಬಂದರು. ನಮ್ಮ ಪದ್ಧತಿಯಂತೆ ಅವರ ಹಿರಿಯರು ಕಾಫಿ ಬಟ್ಟಲನ್ನು ಕುಡಿಯದೆ ಕೆಳಗಿಟ್ಟು ಹೆಣ್ಣು ಕೇಳಬೇಕು, ನಾವು ಒಪ್ಪಿದ ಮೇಲೆಯೇ ಎಲ್ಲರೂ ಕುಡಿಯಬೇಕು. ಮನೆಯಲ್ಲಿದ್ದ ನೀರಿಗೆ ಒಂದೇ ಬಟ್ಟಲು ಕಾಫಿಯಾಯಿತು. ಅದನ್ನು ಹಿರಿಯರಾದ ಹಾಜಿ ಮಿಸ್ಲಿಹರ ಮುಂದಿಡಿಸಿ, ನಮ್ಮಣ್ಣ ಫವ್ವಾಝ್ ವಂಶಾವಳಿ ಬಿಚ್ಚಿದರೆ ಹೇಗೂ ಒಂದು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಎಲ್ಲಿಂದಲಾದರೂ ನೀರು ತಂದೇನು, ಬಟ್ಟಲೊಳಗೆ ಇಣುಕುವ ಜನವೂ ಇವರಲ್ಲ ಎಂದು ಲೆಕ್ಕ ಹಾಕಿ, ಉಳಿದವರ ಮುಂದೆ ಖಾಲಿ ಬಟ್ಟಲುಗಳನ್ನೇ ಇಡಿಸಿದೆ.

ಅಂದೇ ಅಣ್ಣನಿಗೆ ಮಾತು ಚಿಕ್ಕದಾಗಬೇಕೆ! ಹಾಜಿಗಳು ಬಾಯಿ ತೆರೆಯುತ್ತಿದ್ದಂತೆ, "ಹುಡುಗಿ ನಿಮ್ಮೋಳೇ ಹಾಜಿಗಳೇ, ಕಾಫಿ ಕುಡೀರಿ!" ಎಂದುಬಿಟ್ಟ. ಹತ್ತೊಂಬತ್ತು ಗಂಡಸರು ಖಾಲಿ ಬಟ್ಟಲೆತ್ತಿದರು. ಬಾಗಿಲ ಹಿಂದೆ ದೀಮಾ ನನ್ನ ತೋಳು ಹಿಡಿದು, "ಅಮ್ಮಾ, ಎಲ್ಲಾ ಮುಗೀತು" ಎಂದಳು. ನನಗೆ ಅಳು ಬಂತು. ಕಣ್ಣೀರಿಗೂ ತಾವು ಕೊಳವೆ ಹಾಕಿಯೀರೆಂದು ತಡೆದುಕೊಂಡೆ.

ಹಾಜಿ ಮಿಸ್ಲಿಹ್ ತಮ್ಮ ಬಟ್ಟಲಿಗೆ ತುಟಿ ತಾಗಿಸಿ ಪಕ್ಕದವರಿಗೆ ದಾಟಿಸಿದರು. "ನಮ್ಮ ಬೀದೀಲಿ ನೀರು ಬಂದು ಹತ್ತು ದಿನ ಆಯ್ತು ಕಣಮ್ಮಾ, ನೀನು ಒಂದು ಬಟ್ಟಲಾದ್ರೂ ಕಾಸಿದೀಯ" ಎಂದು ಬಾಗಿಲಿನತ್ತ ಕೂಗಿದರು. ಆ ಬಟ್ಟಲು ಇಪ್ಪತ್ತು ಬಾಯಿ ಸುತ್ತಿತು, ಮದುವೆ ನಿಶ್ಚಯವಾಯಿತು.

ಆದ್ದರಿಂದ ತಾವು ಮಂಗಳವಾರ ಒಂದು ಗಂಟೆ ನೆಗಡಿಯ ನೆಪ ಹೇಳಿ ಮಲಗಬೇಕು. ಅಷ್ಟೂ ಆಗದಿದ್ದರೆ ಮದುವೆಯಲ್ಲಿ ಮುನ್ನೂರು ಅತಿಥಿಗಳ ಕೈಗೆ ತಾವೇ ನಿಂತು ನೀರು ಹಾಕಬೇಕೆಂದು ಬೇಡಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ, ತಮ್ಮದೇ ಕೊಳವೆಯ ತುದಿಯಲ್ಲಿರುವ
ಇತಿದಾಲ್

ವಿ.ಸೂ.: ಈಗಷ್ಟೇ ಫೋನ್ ಬಂತು. ಅಳಿಯನಾಗುವವನು ದೀಮಾಳೊಡನೆ ಸಂಸಾರ ಹೂಡಲು ತಮ್ಮ ಕಟ್ಟಡದಲ್ಲೇ ಒಂಬತ್ತನೆಯ ಮಹಡಿಯಲ್ಲಿ ಮನೆ ಹಿಡಿದಿದ್ದಾನಂತೆ. ಮೇಲೆ ಬರೆದದ್ದನ್ನು ನನ್ನ ಎಡಮಗ್ಗುಲ ಮನೆಯವರ ದೂರೆಂದು ಭಾವಿಸಿ, ಬರುವ ಮಂಗಳವಾರದಿಂದ ಇನ್ನೂ ಸ್ವಲ್ಪ ಜೋರಾಗಿ ಎಳೆಯಬೇಕು. ಒಗೆಯುವ ಬಟ್ಟೆಗಂಟು ಹೊತ್ತು ನಾನೂ ಬರುತ್ತೇನೆ.