ಹಳೇ ಗೇರ್‌ಬಾಕ್ಸಿಗೆ ಹೊಸ ಬೀಗತನ

ದೇವರ ಮೇಲೆ ಭಾರ ಹಾಕಿದವರು ಆಮೇಲೆ ಸುಮ್ಮನಿರಬೇಕು. ನನಗೆ ಅದು ಬರುವುದಿಲ್ಲ. ಅನ್ನ ಬೆಂದಿತೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡುವ ಹಾಗೆ ನಡುನಡುವೆ ಕೈಯಾಡಿಸುತ್ತಿರುತ್ತೇನೆ. "ದೇವ್ರಿಗೂ ಒಂದೀಟು ಪುರುಸೊತ್ತು ಕೊಡು" ಎಂದು ನಮ್ಮ ಮನೆಯವರು ನಗುತ್ತಿದ್ದರು. ಅವರು ತೀರಿಕೊಂಡು ವರ್ಷವಾಯಿತು.

ಅವರು ಬಿಟ್ಟುಹೋದ ಜೀಪಿನ ಕ್ರ್ಯಾಂಕ್ ಈಚೆಗೆ ಮುರಿಯಿತು. ಎಂಜಿನ್ನಿನ ಬೆನ್ನೆಲುಬು ಅದು. ಗಜೇಂದ್ರಗಡದ ಮೇಸ್ತ್ರಿ ಇಮಾಮಸಾಬ್ ಎಂಜಿನ್ ಪೂರ್ತಿ ಬಿಚ್ಚಿಟ್ಟು ಹೇಳಿದ: "ಬ್ಯಾರೆ ಕ್ರ್ಯಾಂಕ್ ತರ್ರಿ ಅಕ್ಕಾರ. ಆದ್ರ ಎಂಜಿನ್ ಕಟ್ಟೂಕಿಂತ ಮೊದ್ಲ ಬೀಗತನ ನೋಡಬೇಕು. ಕ್ರ್ಯಾಂಕಿನ ಹಿಂದ ಒಂದು ತೂತು ಇರತೈತಿ, ಅದರಾಗ ಗೇರ್‌ಬಾಕ್ಸಿನ ಶಾಫ್ಟಿನ ಮೂಗು ಪೂರ್ತಿ ಕುಂದರಬೇಕು. ಕಟ್ಟಿದಮ್ಯಾಲ ನೋಡಿದ್ರ ಮದಿವಿ ಆದಮ್ಯಾಲ ಕುಂಡಲಿ ನೋಡಿದಂಗ."

"ಗೇರ್‌ಬಾಕ್ಸೂ ಬದಲಿ ಮಾಡೂಣು ವೈನಿ, ಪೀಡಾ ಹೋಗತೈತಿ" ಎಂದ ಮೈದುನ ಶಿವಪ್ಪ.

ನಾನು ಒಪ್ಪಲಿಲ್ಲ. ನಮ್ಮ ಮನೆಯವರು ನನಗೆ ಗಾಡಿ ಕಲಿಸಿದ್ದು ಆ ಗೇರ್‌ಬಾಕ್ಸಿನ ಮೇಲೆಯೇ. ನರೇಗಲ್ಲಿನ ದಾರಿಯಲ್ಲಿ ನನ್ನ ಕೈಮೇಲೆ ಕೈಯಿಟ್ಟು, "ಎರಡನೇದು ಬಡದ್ರ ಬೀಳಂಗಿಲ್ಲ, ರಮಿಸಬೇಕು" ಎಂದಿದ್ದರು. ನಿಜ ಹೇಳಬೇಕೆಂದರೆ ನನಗಿಂತ ಹೆಚ್ಚಾಗಿ ಅವರು ರಮಿಸಿದ್ದು ಆ ಎರಡನೇ ಗೇರನ್ನೇ. ಆದರೂ ಆ ಸವತಿಯನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

ಶಿವಪ್ಪ ನರಗುಂದದಿಂದ ಕ್ರ್ಯಾಂಕ್ ತಂದು ರೋಣದ ನಮ್ಮ ಪಡಸಾಲೆಯಲ್ಲಿಟ್ಟ. ಬೆಳಿಗ್ಗೆ ನಾನು ಅದಕ್ಕೆ ವಿಭೂತಿ ಹಚ್ಚಿ, ಹೂವೇರಿಸಿ, ದೇವರಿಗೆ ಜಾಗದ ಗುರುತು ತಪ್ಪಬಾರದೆಂದು ಆ ತೂತಿನಲ್ಲೇ ಒಂದು ಬೆಲ್ಲದ ಹರಳು ಒತ್ತಿದೆ. ತೆಗೆಯಬೇಕೆನ್ನುವಷ್ಟರಲ್ಲಿ ಶಿವಪ್ಪ, "ಲಗೂ ನಡೀರಿ ವೈನಿ" ಎನ್ನುತ್ತ ಅದನ್ನು ಗೋಣಿಚೀಲಕ್ಕೆ ತುಂಬಿದ.

ಗ್ಯಾರೇಜಿನಲ್ಲಿ ಇಮಾಮಸಾಬ್ ಕ್ರ್ಯಾಂಕಿನ ಮೈಮೇಲಿನ ಗ್ರೀಸ್ ಒರೆಸಿದ. ಬೋಲ್ಟಿನ ತೂತುಗಳು ಸರಿಹೋದವು. ಶಾಫ್ಟಿನ ಮೂಗು ಮಾತ್ರ ಅರ್ಧಕ್ಕೇ ನಿಂತಿತು. ಮತ್ತೆ ನೂಕಿ ನೋಡಿದ. "ಆಳ ಸಾಲವಲ್ದು. ಬೀಗತನ ಮುರೀತ್ರಿ ಅಕ್ಕಾರ."

"ನಾ ಮೊದ್ಲ ಹೇಳಿದ್ನಿ" ಎಂದ ಶಿವಪ್ಪ.

ವರ್ಷವಿಡೀ ಜನರೆದುರು ಅತ್ತವಳಲ್ಲ ನಾನು. ಅಂದು ಗಾಲಿ ನೋಡುವವಳ ಹಾಗೆ ಮುಖ ತಿರುಗಿಸಿ ನಿಂತೆ.

"ಅಲಾ, ಕ್ರ್ಯಾಂಕಿಗೆ ಇರುವಿ ಯಾಕ ಮುತ್ಯಾವು?" ಎಂದ ಮೇಸ್ತ್ರಿ.

ನಮ್ಮ ಮನೆಯ ಇರುವೆಗಳೇ. ನೈವೇದ್ಯದ ಬೆನ್ನುಹತ್ತಿ ಗಜೇಂದ್ರಗಡದ ತನಕ ಪುಕ್ಕಟೆ ಬಂದಿದ್ದವು. ಸಾಲುಗಟ್ಟಿ ತೂತಿಗೆ ಇಳಿಯುತ್ತಿದ್ದವು. ಇಮಾಮಸಾಬ್ ಸ್ಕ್ರೂಡ್ರೈವರ್ ಹಾಕಿ ಕೆದರಿ, ಗ್ರೀಸಿನಲ್ಲಿ ಕಪ್ಪಾದ ಬೆಲ್ಲ ತೆಗೆದು ನನ್ನತ್ತ ನೋಡಿದ.

"ದೇವ್ರು ಎರಡೂ ಕೂಡಸಲಿ ಅಂತ..." ಎಂದೆ.

"ಅಂವ ಕೂಡಸಾಕ ಬಂದಿದ್ದ ಅಕ್ಕಾರ. ನೀವ ಬಾಗಲಾ ಹಾಕಿದ್ರಿ!"

ಒರೆಸಿ ನೂಕಿದಾಗ ಶಾಫ್ಟಿನ ಮೂಗು ತಳದ ತನಕ ಹೋಗಿ ಕೂತಿತು. ಶಿವಪ್ಪ ನಕ್ಕ, ಮೇಸ್ತ್ರಿ ನಕ್ಕ, ಸೆರಗಿನಿಂದ ಮುಖ ಒರೆಸಿಕೊಂಡು ನಾನೂ ನಕ್ಕೆ. ಅವರಿದ್ದಿದ್ದರೆ ಸಂಜೆಯೊಳಗೆ ಈ ಸುದ್ದಿಯನ್ನು ಊರೆಲ್ಲ ಹೇಳಿ ನನ್ನ ಮಾನ ಕಳೆಯುತ್ತಿದ್ದರು. ಈಗ ಆ ಕೆಲಸವೂ ನನ್ನ ಪಾಲಿಗೇ ಬಿದ್ದಿದೆ.